ಚೌಕ ಕಂಸ

ಸಂಜೀ ಆರಕ್ಕ ಬಂದಳು ಶಬೀನಾ ರಂಗರೇಜ,
ಪೆನ್‌ಡ್ರೈವ್ ಕೊರಳಿಗೆ ಕಟ್ಟಿಕೊಂಡು.
‘ನೀಲಕ್ಕಾ, ರಾತ್ರಿ ಹನ್ನೆರಡಕ್ಕ ಲಿಂಕ್ ಮುಚ್ಚತೈತಿ.
ಲೇಖನ ಮುಗದೈತಿ. ಹಿಂದಿನ ಪಟ್ಟಿ ಅಷ್ಟ ನೋಡ್ರಿ.’

ಅಷ್ಟ ಅಂದರೆ ಅರವತ್ತಮೂರು.
ಒಂದರಲ್ಲಿ ಇಸವಿ ಮುಂದೆ, ಒಂದರಲ್ಲಿ ಹಿಂದೆ,
ಒಂದರಲ್ಲಿ ‘ಸಂ.’ ಅಂದರೆ ಸಂಪಾದಕ, ಇನ್ನೊಂದರಲ್ಲಿ ಸಂಪುಟ,
ಮತ್ತೊಂದರಲ್ಲಿ ಸಂಗಪ್ಪ.

ಪತ್ರಿಕೆಯವರ ನಿಯಮ ಹನ್ನೊಂದು ಪುಟ.
ಗೋಡೆಗೆ ಅಂಟಿಸಿದ್ದೇನೆ, ಜೆರಾಕ್ಸ್ ದರಪಟ್ಟಿಯ ಕೆಳಗೆ.
ಅಡ್ಡಹೆಸರು ಮೊದಲು, ಅಲ್ಪವಿರಾಮ, ಆಮೇಲೆ ಇನಿಷಿಯಲ್.
ನಮ್ಮ ಬಾಗಲಕೋಟಿ ಮಂದಿಗೆ ಇದು ಸಲೀಸು.
ಮೈಸೂರು ಕಡೆಯವರದೇ ತ್ರಾಸು:
ಮೂರು ಇನಿಷಿಯಲ್ಲು, ಒಂದೇ ಹೆಸರು, ಎಲ್ಲಿ ಕತ್ತರಿಸಲಿ?
ನಮ್ಮವರನ್ನು ಅಕಾರಾದಿಗೆ ಹಚ್ಚಿದೆ.
ಉಳ್ಳಾಗಡ್ಡಿ, ಎಣ್ಣಿ, ಬದನಿಕಾಯಿ, ಬೆಲ್ಲದ,
ಮೆಣಸಿನಕಾಯಿ, ಹುಣಸಿಮರದ.
ಶಬೀನಾ ನಕ್ಕಳು, ‘ಒಗ್ಗರಣಿ ಹಾಕಿಬಿಡ್ರಿ ಅಕ್ಕಾ.’

ಪುಸ್ತಕದ ಹೆಸರು ವಾಲಬೇಕು ಅಂತ ನಿಯಮ ಮೂರು.
ವಾಲಿಸಿದೆ. ಕನ್ನಡದ ಅಕ್ಷರ ವಾಲಿದರೆ
ಗಾಳಿಗೆ ಹಿಂಗಾರಿ ಜೋಳ ಮಲಗಿದ ಹಾಗೆ.
ಕೆಳಗಿನ ಸಾಲಿನವರ ತಲೆಗೆ
ಮೇಲಿನವರ ಒತ್ತಕ್ಷರದ ಕಾಲು.
ಅಪ್ಪನ ಕಾಲದ ಸೀಸದ ಮೊಳೆ ವಾಲುತ್ತಿರಲಿಲ್ಲ.
ನೆಟ್ಟಗೆ ನಿಲ್ಲುತ್ತಿತ್ತು, ಇಲ್ಲಾ ಬೀಳುತ್ತಿತ್ತು.

ನಿಯಮ ನಾಲ್ಕು: ಪ್ರಕಟಣೆಯ ಸ್ಥಳ ಇನ್ನು ಬೇಡ,
ಪ್ರಕಾಶಕರ ಹೆಸರು ಸಾಕು.
ಧಾರವಾಡ ತೆಗೆದೆ. ಗದಗ ತೆಗೆದೆ.
ಮುಂಬಯಿ, ಪುಣೆ, ಲಂಡನ್
ಒಂದೇ ಕೀಲಿಗೆ ಹೋದವು.
ಹತ್ತೊಂಬತ್ತನೆಯದಕ್ಕೆ ಬಂದೆ.
ಗುಳೇದ, ಸಂ. ಮ. (ಇ. ಇ.). ಇಳಕಲ್ಲ ಸೀರಿಯ ಬಣ್ಣದ ಲೆಕ್ಕ.
ಬಾಗಲಕೋಟಿ: ಗದ್ದಿಗೆಪ್ಪ ಮುದ್ರಣಾಲಯ, ಹೊಳಿ ಓಣಿ.

ಹೊಳಿ ಓಣಿ ಈಗ ಹೊಳೆಯೇ.
ಚಳಿಗಾಲಕ್ಕೆ ಅಲ್ಲಿ ಬಾತುಗಳು ತೇಲುತ್ತವೆ,
ಬೇಸಿಗೆಗೆ ನೀರಿಳಿದರೆ
ಯಾರ ಮನೆಯದೋ ಒಳಕಲ್ಲು ಬಾಯಿ ತೆರೆದಿರುತ್ತದೆ.
ಅಪ್ಪ ಮೊಳೆ ಜೋಡಿಸುತ್ತಿದ್ದ ಕಿಟಕಿ ಯಾವ ಮೀಟರಿಗೆ ಬಂತೋ,
ಪರಿಹಾರದ ಕಾಗದದಲ್ಲಿ ಬರೆದಿದ್ದರು, ಮರೆತೆ.
ತೆಗೆದೆ. ಸರ್ಕಾರ ನನಗಿಂತ ಮೊದಲೇ ತೆಗೆದಿತ್ತು.
ಆದರೆ ಈ ಇ. ಇ.?
ಇಸವಿ ಇಲ್ಲ ಅನ್ನುವುದಕ್ಕೆ
ಹೀಗೆ ಹಲ್ಲು ಕಿರಿಯಬೇಕೆ?

‘ಪುಸ್ತಕ ತಂದೀಯೇನವಾ?’
ಚೀಲದಿಂದ ತೆಗೆದಳು. ರಟ್ಟಿಲ್ಲ, ಮೊದಲ ಹಾಳೆಯಿಲ್ಲ.
ಅವಳ ಅಜ್ಜನ ಹೆಬ್ಬೆರಳು ಅಂಚಿನಲ್ಲಿ, ನೀಲಿಯಾಗಿ.
ಕನ್ನಡಕ ಹಣೆಗೇರಿಸಿ ಕಣ್ಣಿಗೆ ತಾಗುವಷ್ಟು ಹಿಡಿದೆ.
ಇಳಕಲ್ಲದ ಳ.
ಬಲಗಡೆಯ ಸುರುಳಿ ಮುರಿದಿತ್ತು.
ಮೂರನೆಯ ಪುಟದ ‘ನೀಳ’, ಐದರ ‘ಬಹಳ’,
ಎಲ್ಲ ಅದೇ ಕುಂಟು.

ನಾನು ಎರಡನೇತ್ತ. ತಮ್ಮ ಸಂಗು ಅಂಬೆಗಾಲಲ್ಲಿ ಹೋಗಿ
ಕೇಸು ಜಗ್ಗಿದ. ಇಡೀ ವರ್ಣಮಾಲೆ ಫರಸಿಗೆ ಬಿತ್ತು.
ಅಪ್ಪ ಬಯ್ಯಲಿಲ್ಲ. ಕಂದೀಲು ಇಟ್ಟುಕೊಂಡು
ಬೆಳಗಿನ ತನಕ ಹೆಕ್ಕಿದ,
ನಾನು ನಿದ್ದೆಗಣ್ಣಲ್ಲಿ ಒತ್ತುಗಳನ್ನು ಬೇರೆ ಮಾಡಿ ಕೊಟ್ಟೆ.
ಳ ಇರುವ ಮನೆಯಲ್ಲಿ ಮಾತ್ರ ಒಂದೂ ಪೂರ್ತಿ ಉಳಿದಿರಲಿಲ್ಲ.
ಹೊಸ ಮೊಳೆ ಬರಲು ಎಂಟು ತಿಂಗಳು.
ಆ ವರ್ಷ ಊರಿನ ಎಲ್ಲ ಲಗ್ನಪತ್ರಿಕೆಯಲ್ಲೂ
ಮಂಗಳ ಕುಂಟುತ್ತಿತ್ತು.
ಆ ಲಗ್ನಗಳು ಹೇಗೋ ನಡೆದವು.

ನಿಯಮ ನಾಲ್ಕರ ಕೊನೆಗೆ, ಸಣ್ಣ ಅಕ್ಷರದಲ್ಲಿ:
ಊಹಿಸಿದ ಇಸವಿಯನ್ನು ಚೌಕ ಕಂಸದಲ್ಲಿ ಕೊಡಬಹುದು.
[೧೯೭೭] ಅಂತ ಒತ್ತಿದೆ.

‘ಅಕ್ಕಾ, ಆಧಾರ ಏನಂತ ಕೇಳಿದ್ರ?’
‘ಳ’ ಅಂದೆ.
ಅವಳು ಸ್ಕ್ರೀನು ನೋಡಿದಳು, ನನ್ನನ್ನು ನೋಡಿದಳು.
ಗಡಿಯಾರ ಹನ್ನೊಂದು ದಾಟಿತ್ತು.
‘ಚಾ ತರಸು’ ಅಂದೆ, ‘ಪುಟದ ನಂಬರಿನ ನಡುವಿನ ಗೆರಿ
ಎಲ್ಲಾ ಗಿಡ್ಡ ಅದಾವ.’