ಎರಡು ಆರು

ಮುನ್ನೂರು ಪ್ರತಿ. ಅದಕ್ಕಿಂತ ಹೆಚ್ಚು ಹಾಕಿದರೆ
ಮಂಚದ ಕೆಳಗೆ ಹಿಡಿಸುವುದಿಲ್ಲ.
ಡೊಂಬಿವಲಿಯ ಈ ಒಂದೂವರೆ ಕೋಣೆಯೇ ಪ್ರಕಾಶನ,
ಅಡುಗೆಕಟ್ಟೆ ರವಾನೆ ವಿಭಾಗ,
ಪಾರ್ಸೆಲ್ಲಿನ ತೂಕಕ್ಕೆ ಹೆಂಡತಿಯ ತಕ್ಕಡಿ.
ಒಮ್ಮೊಮ್ಮೆ ಕವನಸಂಕಲನಕ್ಕೆ ಮೆಂತ್ಯದ ವಾಸನೆ ಇರುತ್ತದೆ, ಕ್ಷಮಿಸಬೇಕು.

ಜಲಜಾ ಸಾಲ್ಯಾನ್ ಹಸ್ತಪ್ರತಿ ತಂದದ್ದು
ಯಾರದೋ ಮದುವೆಯ ತಾಂಬೂಲದ ಚೀಲದಲ್ಲಿ.
ಎಪ್ಪತ್ತೊಂದು ವಯಸ್ಸು. ಮೊದಲ ಕಾದಂಬರಿ.
ಷರತ್ತು ಒಂದೇ: ಅಂಕಿ ಕನ್ನಡದ್ದಿರಬೇಕು.
‘ಮೂವತ್ತು ವರ್ಷ ಮುನ್ಸಿಪಾಲಿಟಿ ಶಾಲೆಯಲ್ಲಿ ಕಲಿಸಿದೆ.
ಶಾಲೆ ಮುಚ್ಚಿದರು. ಅಂಕಿಯಾದರೂ ಇರಲಿ.’
ಇರಲಿ ಎಂದೆ. ಪುಟಸಂಖ್ಯೆ, ಬೆಲೆ,
ಫಾರಮ್ಮಿನ ಬುಡದಲ್ಲಿ ಬೈಂಡರಿಗೆಂದು ಹಾಕುವ
ಇರುವೆಗಾತ್ರದ ಗುರುತು ಸಹ.

ಬಿಡುಗಡೆ ಮಾಟುಂಗಾದಲ್ಲಿ. ಹಾರ, ಇಡ್ಲಿ, ನಾಲ್ಕು ಭಾಷಣ.
ನಾಲ್ವರಿಗೂ ವಾರ ಮೊದಲೇ ಪ್ರತಿ ತಲುಪಿಸಿದ್ದೆ.
ನಾಲ್ವರೂ ಎಂಬತ್ತನೆಯ ಪುಟ ದಾಟಿರಲಿಲ್ಲ
ಎಂಬುದು ಈಗ ಗೊತ್ತಾಗುತ್ತದೆ.

ಐದನೆಯ ದಿನ ನಾಲಾಸೋಪಾರಾದಿಂದ ಫೋನು,
ಯಾವುದೋ ಕ್ಯಾಂಟೀನಿನ ಕ್ಯಾಷಿಯರ್:
‘ಬಾಗಿ ಚಿಕ್ಕಮ್ಮ ಕೆಇಎಮ್ಮಿನಲ್ಲಿ ತೀರಿಕೊಂಡಳು ಸರ್,
ಲೋಕಲ್‌ನಲ್ಲಿ ನಿಂತೇ ಅತ್ತೆ.
ಬೊರಿವಲಿ ದಾಟುವಾಗ ನೋಡಿದರೆ
ನಳದ ಸಾಲಿನಲ್ಲಿ ಹಂಡೆ ಹಿಡಿದು ಜಗಳಕ್ಕೆ ನಿಂತಿದ್ದಾಳೆ.
ಇದು ಹೊಸ ತಂತ್ರವಾ?’

ತಂತ್ರವಲ್ಲ. ಆರರ ಜಾಗದಲ್ಲಿ ಒಂಬತ್ತು,
ಒಂಬತ್ತರ ಜಾಗದಲ್ಲಿ ಆರು.

ಲೋವರ್ ಪರೇಲಿನ ಗಾಳೆಗೆ ಓಡಿದೆ, ಬೈಯಲೆಂದೇ.
ಯಮುನಾಬಾಯಿ ಘಾಡಿಗಾಂವ್‌ಕರ್ ಕನ್ನಡಕ ಹಣೆಗೇರಿಸಿ
ಎರಡು ಫಾರಂ ಬೆಳಕಿಗೆ ಹಿಡಿದರು.
‘ದೋನ್ ಸಹಾ ಹೋತೇ, ಭಾವೂ.’
ಅವರ ಓದಿನಲ್ಲಿ ಎರಡೂ ಆರೇ. ನಮ್ಮ ೬, ನಮ್ಮ ೯,
ಆ ಅಳತೆಯಲ್ಲಿ ಒಬ್ಬಳೇ ತಾಯಿಯ ಮಕ್ಕಳು.
‘ರಾತ್ರಿ ಹನ್ನೊಂದಕ್ಕೆ ಯಾರನ್ನು ಕೇಳಲಿ?
ಮೊದಲು ಕೈಗೆ ಸಿಕ್ಕ ಆರು ಮೊದಲಿಟ್ಟೆ.’

ಬೈಗುಳ ಬಾಯಲ್ಲೇ ಉಳಿಯಿತು. ಕೂತೆವು.
ಇನ್ನೂರೈವತ್ತೆರಡು ಪುಸ್ತಕದ ಹೊಲಿಗೆ ಬಿಚ್ಚಬೇಕು.
ಯಾವುದು ಮುಂದೆ ಯಾವುದು ಹಿಂದೆ ಎಂದು ತಿಳಿಸಲು
ನನ್ನ ಹರಕು ಮರಾಠಿಯಲ್ಲಿ ಕತೆ ಹೇಳಿದೆ:
ಈ ಆರರಲ್ಲಿ ಅವಳು ನೀರಿಗೆ ಹೋಗುತ್ತಾಳೆ,
ಆ ಆರರಲ್ಲಿ ಸಾಯುತ್ತಾಳೆ.
ದಬ್ಬಣ ನಿಂತಿತು.
‘ಎಷ್ಟು ಹೊತ್ತಿಗೆ ಬರುತ್ತಿತ್ತು ಅವಳ ನಳ?’
ಬೆಳಗಿನ ನಾಲ್ಕೂವರೆಗೆ.
‘ನಮ್ಮದೂ’ ಎಂದು ಮತ್ತೆ ದಾರ ಕತ್ತರಿಸತೊಡಗಿದರು.
ಕೂಲಿಯ ಮಾತು ಅವರೂ ತೆಗೆಯಲಿಲ್ಲ, ನಾನೂ.

ಜಲಜಕ್ಕನಿಗೆ ಹೇಳಲು ಎರಡು ದಿನ ಧೈರ್ಯ ಸಾಲಲಿಲ್ಲ.
ಹೇಳಿದೆ. ಆ ಕಡೆ ಫ್ಯಾನಿನ ಸದ್ದು ಮಾತ್ರ.
ಆಮೇಲೆ: ‘ಸತ್ತ ಮೇಲೆ ನೀರು ಸಿಕ್ಕಿತಾ ಅವಳಿಗೆ?’
ಪುಟ ತಿರುವಿ ನೋಡಿದೆ. ಎರಡು ಹಂಡೆ. ಸಿಕ್ಕಿತ್ತು.
‘ಹೋದ ನಲವತ್ತೆಂಟರಲ್ಲಿ ಒಂದನ್ನು ನನಗೆ ತರಿಸಿಕೊಡಿ.
ಸರಿಯಾದದ್ದು ಬೇಡ, ಅದು ನನಗೆ ಬಾಯಿಪಾಠ.’

ನಲವತ್ತೇಳು ಇನ್ನೂ ಎಲ್ಲೆಲ್ಲೋ ಇವೆ.
ಒಂದು ಲೈಬ್ರರಿಯ ಬೀರು, ಬೀಗದ ಕೈ ಕಾರ್ಯದರ್ಶಿಯ ಊರಿನಲ್ಲಿ.
ಕ್ಯಾಷಿಯರಂತೂ ಬದಲಿಸಿಕೊಡುತ್ತೇನೆಂದರೂ ಒಪ್ಪಲಿಲ್ಲ.

ಮೊನ್ನೆ ಹೊಸ ಪುಸ್ತಕದ ಫಾರಂ ಹೊತ್ತು ಗಾಳೆಗೆ ಹೋದೆ,
ತೆಳು ಪ್ರಬಂಧಗಳು, ಹತ್ತೇ ಫಾರಂ, ಲೇಖಕರು ಮುಂಗಡ ಕೊಟ್ಟವರು.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ೧ರಿಂದ ೧೬,
ಯಮುನಾಬಾಯಿಯ ಅಕ್ಷರ, ೪ ಸ್ವಲ್ಪ ಬಲಕ್ಕೆ ವಾಲಿದೆ.
೬ರ ಕೆಳಗೆ ಒಂದು ಹಂಡೆಯ ಚಿತ್ರ.
೯ರ ಕೆಳಗೆ ಏನನ್ನೋ ಬರೆಯಹೋಗಿ
ಅಂಗೈಯಲ್ಲಿ ಒರೆಸಿದ ಬಿಳಿ.