ಕಾಲಂ ಹದಿನಾಲ್ಕು

ನಗರಸಭೆಯ ನಮೂನೆಯಲ್ಲಿ ಹದಿನಾಲ್ಕನೇ ಕಾಲಂ ಹೊಸದು.
ಮಳೆನೀರಿನ ಗುಂಡಿ ಆದಮೇಲೆ, ಲಿಫ್ಟಿನ ಲೈಸೆನ್ಸಿಗೆ ಮೊದಲು:
'ಸಾರ್ವಜನಿಕರಿಗೆ ಕಾಣುವಂತೆ ಕಲಾಕೃತಿ: ಇದೆ / ಇಲ್ಲ.'
ಕಟ್ಟುವ ಖರ್ಚಿನಲ್ಲಿ ನೂರಕ್ಕೊಂದು ಪಾಲು ಚೆಲುವಿಗೆ
ಎಂದು ಮೇಲಿನವರು ಯಾರೋ ಬರೆದರು.
ಅಳತೆ ಟೇಪು ಹಿಡಿದು ನಾನು ಹೊರಟೆ.

ಮೊದಲು ಕಂಡದ್ದು ಬಂಗಾರಪೇಟೆ ರಸ್ತೆಯ
ನಾಲ್ಕು ಮಾಳಿಗೆ ಕಾಂಪ್ಲೆಕ್ಸಿನ ಮುಂದೆ:
ಫೈಬರಿನ ಜಿಂಕೆ. ಕತ್ತು ಹೊರಳಿಸಿ
ಜನರೇಟರನ್ನು ನೋಡುತ್ತಿತ್ತು.
ಎತ್ತರ ಮೂರೂವರೆ ಅಡಿ.
ಇದೆ, ಎಂದು ಬರೆದೆ.

ತಿಂಗಳ ಮೇಲೆ ಟೇಕಲ್ ರಸ್ತೆ, ಕಲ್ಯಾಣಮಂಟಪ.
ಅಲ್ಲೂ ಜಿಂಕೆ. ಇರಲಿ, ಜಿಂಕೆಗೇನು ಬರವೇ.
ಆಷಾಢದಲ್ಲಿ ಒಂದು ನರ್ಸಿಂಗ್ ಹೋಮು,
ಎಡಗೊಂಬಿನ ಬುಡದಲ್ಲಿ ಎಂ-ಸೀಲಿನ ಅದೇ ಗಂಟು,
ಹೊಟ್ಟೆಯ ಮೇಲೆ ಟೆಂಪೋ ಹಗ್ಗ ಉಜ್ಜಿದ ಗುರುತು.
ನಾನು ಅದನ್ನು ನೋಡಿದೆ.
ಅದು, ಕತ್ತು ಹೊರಳಿಸಿದ್ದರಿಂದ, ನನ್ನನ್ನು ನೋಡಲಿಲ್ಲ.
'ಕಾಫಿ ತಗೊಳ್ಳಿ ಸಾರ್' ಎಂದ ಬಿಲ್ಡರ್ ಬೈರಾರೆಡ್ಡಿ.
ಕಾಫಿ ಚೆನ್ನಾಗಿತ್ತು.
ಇದೆ, ಎಂದು ಬರೆದೆ.

ಶುರುವಿನಲ್ಲಿ ನಿಜವಾದದ್ದನ್ನೇ ಮಾಡಿಸಹೊರಟಿದ್ದನಂತೆ.
ಶಿವಾರಪಟ್ಟಣದ ಕಾಳಾಚಾರಿ ಕರಿಗಲ್ಲಿನಲ್ಲಿ
ಟೊಮೆಟೊ ಬಾಕ್ಸು ತಲೆಮೇಲೆ ಹೊತ್ತ ಹೆಂಗಸನ್ನು
ಸೊಂಟದ ತನಕ ಬಿಡಿಸಿದ್ದ.
ಕಾಲು ಇನ್ನೂ ಬಂಡೆಯೊಳಗೆ.
'ಕೂಲಿಯವಳನ್ನು ಬಾಗಿಲಲ್ಲಿ ನಿಲ್ಲಿಸಿದರೆ
ಷೋರೂಮಿನವರು ಬರ್ತಾರೇನಯ್ಯಾ?'
ಅಡ್ವಾನ್ಸು ವಾಪಸ್ಸು.
ಈಗ ಅವಳು ಶೆಡ್ಡಿನ ಹಿಂದೆ, ಬಿಕರಿಯಾಗದ ಗಣಪತಿಗಳ ನಡುವೆ
ಬಾಕ್ಸು ಹೊತ್ತೇ ನಿಂತಿದ್ದಾಳೆ.
ಇಳಿಸು ಎಂದು ಯಾರೂ ಹೇಳಿಲ್ಲ.

ಮೊನ್ನೆ ಬುಧವಾರ ರಾತ್ರಿ
ಕೆರೆ ಏರಿಯ ತಿರುವಿನಲ್ಲಿ ಟೆಂಪೋ ಉಬ್ಬು ಹಾರಿದಾಗ
ಜಿಂಕೆ ಇಳಿದುಬಿಟ್ಟಿತು.
ಬೆಳಿಗ್ಗೆ ನೋಡಿದರೆ ಒಂದು ಕಾಲಿಲ್ಲ.
ಹುಡುಗರು ಎತ್ತಿ ನಿಲ್ಲಿಸಿ, ಇಲ್ಲದ ಕಾಲಿಗೆ
ಇಟ್ಟಿಗೆ ಕೊಟ್ಟಿದ್ದಾರೆ.
'ಜಿಂಕ ವಚ್ಚಿಂದಿ! ಜಿಂಕ ವಚ್ಚಿಂದಿ!'
ಹರಿದ ಚಡ್ಡಿಯೊಂದು ಕೂಗುತ್ತ ಓಡಿತು.
ಅವರೆಕಾಯಿ ಮಾರುವ ಪಾಪಕ್ಕ
ಎಂ-ಸೀಲಿನ ಕೊಂಬಿಗೆ ತಕ್ಕಡಿ ನೇತುಹಾಕಿದ್ದಾಳೆ.
ಯಾವನೋ ಕಣ್ಣಿಗೆ ಕಪ್ಪು ಬಳಿದು
ನೋಟವನ್ನು ಅರ್ಧ ಅಂಗುಲ ಈಚೆಗೆ ತಂದಿದ್ದಾನೆ.
ಹೋಗಿಬರುವವರನ್ನೆಲ್ಲ ನೋಡುತ್ತದೆ ಈಗ,
ನನ್ನನ್ನೂ.

ಬೈರಾರೆಡ್ಡಿ ಫೋನು ಮಾಡಿದ:
'ಸಾರ್, ನಮ್ಮ ಐಟಂ ಎಲ್ಲಾದರೂ ಕಂಡಿರಾ?
ನಾಳೆ ಹೊಸ ಬಿಲ್ಡಿಂಗಿಗೆ ನೀವೇ ಬರಬೇಕಲ್ಲ.'

ಏರಿಗೆ ಖಾತಾ ನಂಬರಿಲ್ಲ. ಮಾಲೀಕರ ಸಹಿ ಇಲ್ಲ.
ಸ್ಕೂಟರು ನಿಲ್ಲಿಸಿ ಖಾಲಿ ನಮೂನೆಯೊಂದು ತೆಗೆದು
ಹದಿಮೂರು ಕಾಲಂ ಹಾಗೇ ಬಿಟ್ಟೆ.
'ಏನ್ ಬರೀತಿದ್ದೀಯಪ್ಪ, ಸುಂಕವಾ?' ಎಂದಳು ಪಾಪಕ್ಕ.
'ಇಲ್ಲಮ್ಮ. ಅರ್ಧ ಕೆಜಿ ಕೊಡು.'

ತೂಗುವಾಗ ಜಿಂಕೆ ಸ್ವಲ್ಪ ವಾಲಿತು.
ಬೂಟುಗಾಲಿನಿಂದ ಇಟ್ಟಿಗೆ ಒತ್ತಿ ಹಿಡಿದು ನಿಂತೆ,
ಮುಳ್ಳು ನಡುವಿಗೆ ಬರುವ ತನಕ.