ಮ್ವಾರಿಂಗಾನ ಚೀಟಿಗಳು

ನೊಣ ಹೊಡೆಯುವುದು ಕೆಲಸವಿಲ್ಲದವರ ಕೆಲಸ, ಅನ್ನುತ್ತಾರೆ.
ನಮಗೆ ಅದಕ್ಕೆ ಸಂಬಳ ಬರುತ್ತಿತ್ತು,
ತಿಂಗಳ ಕೊನೆಗೆ,
ಕೆಲವೊಮ್ಮೆ ಮುಂದಿನ ತಿಂಗಳ ಕೊನೆಗೆ.

ಕಿಲಿಫಿಯಿಂದ ಮಲಿಂದಿಯವರೆಗೆ ಮಾವಿನ ಮರಗಳಿಗೆ
ಹಳದಿ ಮುಚ್ಚಳದ ಡಬ್ಬಿ ಕಟ್ಟುವವನು ನಾನು.
ಒಳಗೊಂದು ಹತ್ತಿಯುಂಡೆ, ಅದಕ್ಕೆ ನಾಲ್ಕು ಹನಿ ಎಣ್ಣೆ.
ನನ್ನ ಮೂಗಿಗೆ ಅದು ಲವಂಗ,
ನೊಣದ ಮೂಗಿಗೆ ಏನೋ, ಕೇಳಿದವರಿಲ್ಲ.
ಬರುವುದು ಗಂಡುಗಳು ಮಾತ್ರ.
ಹೆಣ್ಣುಗಳು ಆ ಹೊತ್ತಿಗೆ ಹಣ್ಣಿನ ಮೇಲೆ ಕೂತು
ಸಿಪ್ಪೆಗೆ ಸೂಜಿಯಿಳಿಸಿ
ತಮ್ಮ ಕೆಲಸ ಮುಗಿಸುತ್ತಿರುತ್ತವೆ.

ಮ್ವಾರಿಂಗಾ ಚೀಟಿ ಬರೆಯುವವನು.
ಉಗುರಿನಷ್ಟು ಚೀಟಿ, ಸಾಸಿವೆಯಷ್ಟು ಅಕ್ಷರ:
ಊರು, ದಿನ, ಮರ, ಹಿಡಿದವನ ಹೆಸರು.
ಭೂತಗನ್ನಡಿಯಡಿ ನೊಣವನ್ನು ಮಗ್ಗುಲು ಮಗುಚಿ
ಬೆನ್ನಿನ ಎರಡು ಹಳದಿ ಪಟ್ಟೆ ನೋಡುತ್ತಾನೆ,
ರೆಕ್ಕೆಯಂಚಿನ ಕಾಡಿಗೆ ಎಲ್ಲಿ ನಿಂತಿತೆಂದು ನೋಡುತ್ತಾನೆ.
"ಇದರ ಬೆನ್ನು ಕೆಂಪು, ಅದರದು ಕಪ್ಪು.
ಬೇರೆ ಜಾತಿಯಿರಬಹುದು."
ಅದೇ ಮರ, ಅದೇ ಡಬ್ಬಿ, ಅದೇ ಬೆಳಗು.
"ಒಂದೇ ತಾಯಿಯ ಮಕ್ಕಳೂ ಇರಬಹುದು" ಅಂದೆ.
ಉತ್ತರಿಸಲಿಲ್ಲ. ಅವನಿಗೆ ಏಳು ಮಕ್ಕಳು.

ಬ್ಯಾಕ್ಟ್ರೊಸೆರಾ ಎಂಬುದು ಮನೆತನದ ಹೆಸರು.
ನೂರಾರು ಕವಲು; ಬಹಳಷ್ಟು
ಕಾಡಿನ ಕಾಯಿ ತಿಂದುಕೊಂಡು ಯಾರ ತಂಟೆಗೂ ಬಾರದವು.
ನಮ್ಮ ಪಾಲಿಗೆ ಬಂದದ್ದು
ಮಾವು ಕಂಡಮೇಲೆ ಊರು ಬಿಡದ ಒಂದು.
ಸಮುದ್ರದಾಚೆಯಿಂದ ನುಗ್ಗಿತೆಂದು
ಬಲ್ಲವರು ಅದಕ್ಕೆ ದಾಳಿಕೋರನೆಂಬರ್ಥದ ಹೆಸರಿಟ್ಟರು.
ಮ್ವಾರಿಂಗಾ ಆ ಹೆಸರನ್ನು ಎಂಟು ಸಾವಿರ ಸಲ ಬರೆದ.
ಅವನ ಕೈಬರಹದಲ್ಲಿ ಅದು ಸಾಧುವಾಗಿ ಕಾಣುತ್ತಿತ್ತು.

ಆಮೇಲೊಂದು ದಿನ ನೈರೋಬಿಯಿಂದ ಕಾಗದ:
ಇಲ್ಲಿಯದೂ, ದಡದಾಚೆಯದೂ, ದ್ವೀಪಗಳದೂ ಒಂದೇ.
ಕೂಡಿಸಿದರೆ ಮರಿಯಾಗುತ್ತವೆ, ಮರಿಗೂ ಮರಿಯಾಗುತ್ತವೆ.
ಹಳೆಯ ಹೆಸರೇ ನಿಲ್ಲತಕ್ಕದ್ದು, ಡಾರ್ಸಾಲಿಸ್ ಎಂದು.
ದಾಳಿಕೋರ ಸತ್ತ.
ನೊಣ ಕಿಟಕಿಯ ಗಾಜಿನ ಮೇಲೆ ಕಾಲು ಉಜ್ಜುತ್ತಿತ್ತು.

ಹಳೆಯ ಚೀಟಿ ಕಿತ್ತೆಸೆಯುವಂತಿಲ್ಲ, ನಿಯಮ ಹಾಗೆ.
ಅದೇ ಗುಂಡುಸೂಜಿಯಲ್ಲಿ, ಅದರ ಕೆಳಗೆ, ಹೊಸದನ್ನು ಪೋಣಿಸಬೇಕು.
ಎಂಟು ಸಾವಿರ.
ನಡುವೆ ಅವನ ಕನ್ನಡಕ ಎರಡು ಸಲ ದಪ್ಪವಾಯಿತು.

ಹೆದ್ದಾರಿಯ ಪಕ್ಕ ಮಾವು ಗುಡ್ಡೆಹಾಕಿ ಮಾರುವ ನ್ಯೆವುಗೆ
ಇದನ್ನೆಲ್ಲ ಬಿಡಿಸಿ ಹೇಳಿದೆ.
ಅವಳೊಂದು ಹಣ್ಣು ಸೀಳಿದಳು. ಬಿಳಿ ಹುಳು
ಬಿಲ್ಲಿನಂತೆ ಬಾಗಿ ಟಪ್ಪನೆ ಅವಳ ಮಡಿಲಿಗೆ ಹಾರಿತು.
"ಹೆಸರು ಬದಲಾಯ್ತಲ್ಲ,
ಹಡಗಿನವರು ಈ ವರ್ಷ ಹಣ್ಣು ತಗೊಳ್ತಾರಂತಾ?"

ಕಚೇರಿಯ ಗೋಡೆಗೆ ನಕ್ಷೆ.
ಕೆಂಪು ಚುಕ್ಕೆಗಳೆಲ್ಲ ರಸ್ತೆಯ ಗುಂಟ.
ನೊಣಕ್ಕೆ ಡಾಂಬರೆಂದರೆ ಪ್ರೀತಿ ಅಂತಲ್ಲ,
ನಮ್ಮ ಜೀಪು ಹೋಗುವುದು ಅಲ್ಲಿಯವರೆಗೆ.
ಖಾಲಿ ಬಿಟ್ಟ ಕಡೆ ನೊಣವಿಲ್ಲವೆಂದು
ದೂರದವರು ಓದಿಕೊಳ್ಳುತ್ತಾರೆ.
ಅದು ಸೇತುವೆ ಕೊಚ್ಚಿಹೋದ ಕಡೆ,
ಡೀಸೆಲ್ ಮಂಜೂರಾಗದ ಕಡೆ.

ಹೋದ ವರ್ಷ ಮಂಜೂರಾಯಿತು.
ತಾನಾ ನದಿಯ ಗುಂಟ ಮೇಲೆ ಹೋಲಾವರೆಗೆ ಡಬ್ಬಿ ಕಟ್ಟಿ ಬಂದೆ.
ಮೊದಲ ತಿಂಗಳು ಸೊನ್ನೆ.
ಎರಡನೆಯ ತಿಂಗಳು ಸೊನ್ನೆ.
ಮೂರನೆಯದಕ್ಕೆ ಹನ್ನೊಂದು ಗಂಡು.
ಮ್ವಾರಿಂಗಾ ಹಿಗ್ಗಿಹೋದ. ಹೊಸ ಜಾಗ, ಹೊಸ ಚುಕ್ಕೆ!
ಉಸಿರು ಬಿಗಿಹಿಡಿದು ಬರೆದ:
ಹೋಲಾ, ಶಾಲೆಯ ಹಿಂದೆ, ಹಿಡಿದವನು ತ್ಸೂಮಾ.

ನಾನು ಸುಮ್ಮನಿದ್ದೆ.
ಮೊದಲ ಸಲ ಹೋದಾಗ ಬುತ್ತಿಯ ಜೊತೆ
ನ್ಯೆವು ಕೊಟ್ಟ ಮೂರು ಹಣ್ಣು ಇದ್ದವು.
ಎರಡು ತಿಂದೆ.
ಮೂರನೆಯದು ಒತ್ತಿದರೆ ಒಂದು ಕಡೆ ಮೆತ್ತಗೆ;
ಶಾಲೆಯ ಹಿಂದೆ, ನೆರಳಿದ್ದ ಕಡೆ,
ಮಣ್ಣು ಸಡಿಲವಿದ್ದ ಕಡೆ
ಎಸೆದೆ.